ಎರಡನೆಯ ಪ್ರತಿ

ವಿಮಾನದಿಂದ ತೆಗೆದ ಒಂದೇ ಒಂದು ಫೋಟೋ ಕಂಪ್ಯೂಟರಿನಲ್ಲಿ ತಿನ್ನುವ ಜಾಗದಲ್ಲಿ ಒಂದು ಕಪಾಟಿನ ಪುಸ್ತಕಗಳೆಲ್ಲ ಹಿಡಿಸುತ್ತವೆ. ಹಾಗಾಗಿ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ, ಎರಡು ಸಲ ಸ್ಕ್ಯಾನ್ ಆದ ಇಂಥ ಹಳೆಯ ಫೋಟೋಗಳಲ್ಲಿ ಒಂದನ್ನು ಅಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಒಂದು ಮಧ್ಯಾಹ್ನ ನಮ್ಮ ಬೀದಿಯೇ ಸಿಕ್ಕಿತು. ಅಮ್ಮ ತೀರಿಕೊಂಡ ಮರುವರ್ಷದ ಫೋಟೋ. ಆಗ ಮನೆಗೆ ಬೀಗ ಹಾಕಿದ್ದೆವು. ಮೊದಲ ಪ್ರತಿಯಲ್ಲಿ ನಮ್ಮ ತಾರಸಿ ಖಾಲಿ. ಎರಡನೆಯದರಲ್ಲಿ ಹಳದಿ ಹೊದಿಕೆಯೊಂದು ಒಣಗುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ನಿಂತವರೊಬ್ಬರ ನೆರಳು ಮಾತ್ರ ಇತ್ತು. ಎರಡೂ ಫಿಲ್ಮಿನ ಒಂದೇ ಚಿತ್ರದಿಂದ ಸ್ಕ್ಯಾನ್ ಮಾಡಿದವು. ಕೋಣೆಯಲ್ಲಿ ಒದ್ದೆ ಬಟ್ಟೆಯ ವಾಸನೆ ಬಂತು.

ಅಕ್ಕನನ್ನು ಕರೆಸಿ ತೋರಿಸಿದೆ.

"ಹೊದಿಕೆ ಅರ್ಧ ಗೋಡೆ ಆಚೆ ಇಳಿಬಿದ್ದಿದೆ ನೋಡು. ಎಷ್ಟು ಬೈದ್ರೂ ಅಮ್ಮ ಹಿಂಗೇ ಹಾಕ್ತಿದ್ಲು," ಎಂದು ಅದರ ಮೇಲೆ ಬೆರಳಿಟ್ಟಳು. "ತಣ್ಣಗಿದೆ ಕಣೋ. ಇದನ್ನ ಮಾತ್ರ ಅಳಿಸಬೇಡ."

"ನಂಗೇನು ತಲೆ ಕೆಟ್ಟಿದ್ಯಾ?" ಅಂದೆ.

ಖಾಲಿ ತಾರಸಿಯ ಪ್ರತಿಯನ್ನೇ ನೋಡಿ ನೋಡಿ ಅಳಿಸಿದೆ. ಉಳಿದದ್ದನ್ನು ತೆರೆದರೆ ಅದರಲ್ಲೂ ತಾರಸಿ ಖಾಲಿ. ಅಕ್ಕ ಬೆರಳು ಒರೆಸಿಕೊಂಡಳು, ಅದು ಒದ್ದೆಯಾಗಿತ್ತು.

ಅಮ್ಮನನ್ನು ಎರಡನೆಯ ಸಲ ಕಳೆದುಕೊಂಡೆವು. ಸಂಜೆ ನೋಡಿದರೆ, ಅಳಿಸಿದ ಮೇಲೂ ಕಂಪ್ಯೂಟರಿನಲ್ಲಿ ಒಂದಿಷ್ಟೂ ಜಾಗ ಖಾಲಿಯಾಗಿರಲಿಲ್ಲ, ಅಳಿಸಿದ್ದು ಇನ್ನೂ ಒಳಗೆಲ್ಲೋ ಇದ್ದ ಹಾಗೆ.