ದೊಡ್ಡ ಡ್ರಮ್ಮಿನ ಹಾಳೆ

ತನ್ನ ಪಾಲಿನ ಸ್ವರಗಳ ಹಾಳೆ ನೋಡಿದ ಕೂಡಲೇ ಅವಳ ಕೈ ತಣ್ಣಗಾಯಿತು.

ಹೆಸರಾದ ಬ್ರೆಜಿಲ್ ಸಾಂಬಾ ಹಾಡೊಂದನ್ನು ನಲವತ್ತು ಜನರ ಕನ್ಸರ್ಟ್ ಬ್ಯಾಂಡಿಗೆ ಹೊಂದಿಸಿ ಬರೆದವನು ಸ್ಯಾಕ್ಸೊಫೋನಿನವನು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚೆಂದು ಎಲ್ಲರೂ ಅವನನ್ನು ರಬ್ಬರ್ ಎಂದೇ ಕರೆಯುತ್ತಿದ್ದರು. ದೊಡ್ಡ ಡ್ರಮ್ ಬಾರಿಸುವ ಅವಳಿಗೆ ಅವನು ನಡುವೆ ಮೂವತ್ತೆರಡು ಬಾರ್, ಎಂದರೆ ತಾಳದ ಮೂವತ್ತೆರಡು ಆವರ್ತ, ಬಿಡುವು ಕೊಟ್ಟಿದ್ದ. ಅಷ್ಟೂ ಹೊತ್ತು ಎಣಿಸುತ್ತ ನಿಲ್ಲಬೇಕು. ಆಮೇಲೆ ಇಡೀ ಬ್ಯಾಂಡ್ ಗಪ್‌ಚಿಪ್. ಅವಳದೊಂದೇ ಪೆಟ್ಟು. ಅದರ ಮೇಲೆ ಎಲ್ಲರ ವಾದ್ಯವೂ ಒಟ್ಟಿಗೆ ಏಳಬೇಕು.

ಹೋದ ಕಛೇರಿಯಲ್ಲಿ ಎಣಿಕೆ ತಪ್ಪಿ, ಸಭೆಯೆಲ್ಲ ಉಸಿರು ಬಿಗಿಹಿಡಿದ ಹೊತ್ತಿನಲ್ಲಿ ಢಂ ಎನಿಸಿದ್ದಳು. "ಇನ್ನೊಂದ್ ಸಲ ಹೀಗಾದ್ರೆ ಕೋಲು ಬೇರೆಯವರ ಕೈಗೆ," ಎಂದಿದ್ದರು ಬ್ಯಾಂಡ್ ನಡೆಸುವ ಮಾಸ್ಟ್ರು.

ಸಾಲದ್ದಕ್ಕೆ, ಆ ಖಾಲಿ ಬಾರ್‌ಗಳ ತುಂಬ ಇರುವೆ ಸಾಲಿನಂತೆ ಪುಟ್ಟ ಸ್ವರಗಳು. ಬೇರೆ ಯಾರ ಹಾಳೆಯಲ್ಲೂ ಇಲ್ಲ.

"ಏನ್ರೀ ಇದು? ಗಾಯದ ಮೇಲೆ ಬರೆ ಎಳೀಲೇಬೇಕಿತ್ತಾ?" ಎಂದು ಹಾಳೆಯನ್ನು ಅವನ ಮುಂದೆ ಹಿಡಿದಳು.

"ಅದು ನಾನು ನುಡಿಸೋ ಟ್ಯೂನ್ ಕಣ್ರೀ. ಎಣಿಸ್ಬೇಡಿ, ಕೇಳ್ತಾ ಇರಿ. ಅದು ನಿಂತ ಕೂಡ್ಲೇ ನಿಮ್ಮ ಪೆಟ್ಟು."

"ನನಗೆ ಎಣಿಸೋಕೆ ಬರಲ್ವಾ?"

"ಬರತ್ತೆ. ಎಣಿಸುವಾಗ ನಿಮ್ಮ ತುಟಿ ಅಲುಗತ್ತೆ. ಅದನ್ನ ನೋಡ್ತಾ ನಾನೇ ಎರಡು ಸಲ ದಾರಿ ತಪ್ಪಿದೀನಿ." ಅವನ ಕಿವಿ ಕೆಂಪಾದವು. "ನೀವು ಬ್ಯಾಂಡ್ ಬಿಟ್ಟು ಹೋದ್ರೆ ಅಂತ ನನಗೂ ಭಯ."

"ಅದಕ್ಕೆ ಹೆದರುಪುಕ್ಕಲಿ ಕೈಗೇ ಎಲ್ಲರನ್ನೂ ಒಪ್ಪಿಸಿದ್ರಾ?"

"ಇನ್ಯಾರ ಕೈಗೆ ಒಪ್ಪಿಸ್ಲಿ?"

ಅಷ್ಟರಲ್ಲಿ ಮಾಸ್ಟ್ರು ಅಭ್ಯಾಸ ಶುರುಮಾಡಲು ಕೈಯೆತ್ತಿದರು.

ಬಿಡುವು ಬಂತು. ಹಳೆಯ ಚಾಳಿ ಬಿಡಬೇಕಲ್ಲ, ಎಣಿಸಿಯೇ ಎಣಿಸಿದಳು. ಹನ್ನೊಂದೋ, ಹನ್ನೆರಡೋ? ಹೋಯಿತು! ಕಣ್ಣು ಇರುವೆ ಸಾಲಿಗೆ ಜೋತುಬಿದ್ದಿತು. ನೂಲಿನಷ್ಟು ತೆಳ್ಳಗೆ ಅವನ ಟ್ಯೂನ್ ಬರುತ್ತಿತ್ತು. ಅವನು ಹಾಳೆ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಒಂದೊಂದೇ ಸ್ವರ ಸರಿದು ಕೊನೆಯದೂ ಮುಗಿಯಿತು. ಮೌನ.

ಢಂ!

ನಲವತ್ತು ಜನರ ವಾದ್ಯ ಒಟ್ಟಿಗೆ ಎದ್ದಿತು.

"ಬದುಕಿದ್ರಿ," ಎಂದರು ಮಾಸ್ಟ್ರು.

ಅಭ್ಯಾಸ ಮುಗಿದ ಮೇಲೆ ಅವಳು ನೇರ ಅವನ ಬಳಿ ಹೋದಳು. ಅವನ ಪೆನ್ಸಿಲ್ ಕಸಿದು, ಅವನದೇ ಹಾಳೆಯಲ್ಲಿ, ಅವನು ಮತ್ತೆ ನುಡಿಸಬೇಕಾದ ಜಾಗಕ್ಕೆ ತುಸು ಮೊದಲು ತನ್ನ ಪೆಟ್ಟನ್ನು ಪುಟ್ಟದಾಗಿ ಬರೆದಳು.

"ಇನ್ಮೇಲೆ ನನ್ನ ತುಟಿ ನೋಡಿ ದಾರಿ ತಪ್ಪಬೇಡಿ. ಇದನ್ನ ಕೇಳ್ಕೊಂಡು ಬನ್ನಿ."

"ಎಲ್ಲಿವರೆಗೆ?"

"ಕೊನೇವರೆಗೆ."

ಗಾಬರಿಗೆ ಅವನ ಕೈ ತಾನಾಗಿ ಜೇಬಿನಲ್ಲಿದ್ದ ರಬ್ಬರಿಗೆ ಹೋಯಿತು.

"ಆ ರಬ್ಬರ್ ಇತ್ತ ಕೊಡಿ," ಎಂದಳು.

ಕೊಟ್ಟುಬಿಟ್ಟ.