ತುಫಾನಿನ ಚಿಪ್ಪು

"ಥೂ! ಹೆಣ ತಂದಾನ ಹೆಣ!"

ಗೈಬುಸಾಬನ ಲಾರಿಯಿಂದ ಇಳಿಸಿದ ಮೊದಲ ಚೀಲವನ್ನು ಲಾಡಲೇಸಾಬರು ಅಂಗಳದಲ್ಲಿ ಸುರಿದಾಗ ತೊರವಿಯ ಆ ಓಣಿಗೆ ಓಣಿಯೇ ಮೂಗು ಮುಚ್ಚಿಕೊಂಡಿತು. ಚಿಪ್ಪುಗಳ ಒಳಗೆಲ್ಲ ಕೊಳೆತ ಮಾಂಸ... ಹುಳು!

ಅರವತ್ತೊಂದನೇ ಇಸವಿಯ ಮಾತು. ವಿಜಾಪುರದ ಎಲೆ ಅಂಗಡಿಗಳಿಗೆಲ್ಲ ಲಾಡಲೇಸಾಬರ ಭಟ್ಟಿಯಲ್ಲಿ ಚಿಪ್ಪು ಸುಟ್ಟು ಮಾಡಿದ್ದೇ ಸುಣ್ಣ. "ಕಾರವಾರದಿಂದ ಲಾರಿ ತುಂಬ ಚಿಪ್ಪು ತಂದ್ರ ಮಗಳನ್ನ ಕೊಡ್ತೀನಿ, ಬರಿಗೈಲೆ ಬಂದ್ರ ಇಲ್ಲ" ಎಂದು ಬಾಬಲೇಶ್ವರದ ಗೈಬುಸಾಬನಿಗೆ ಅವರೇ ಹೇಳಿ ಕಳಿಸಿದ್ದರು.

ಆ ಮಗಳು ಹಸೀನಾ. ಗೈಬುಸಾಬನಿಗಾಗಿಯೇ ಜೀವ ಹಿಡಿದುಕೊಂಡಿದ್ದವಳು. ಆದರೆ ಈಗ ಓಣಿಯ ಜನ ನಗುತ್ತಿದ್ದರಲ್ಲ! ಅವಮಾನದಿಂದ ಅವಳ ಮೈಯೆಲ್ಲ ಉರಿಯಿತು.

"ಒಣಗಿದ್ದು ಯಾವುದು, ಕೊಳತದ್ದು ಯಾವುದು ತಿಳಿಯದವನ ಕೂಡ ನಾ ಬಾಳೇ ಮಾಡಂಗಿಲ್ಲ!"

ಅಂದೇಬಿಟ್ಟಳು ಪುಣ್ಯಾತ್ಗಿತ್ತಿ! ಗೈಬುಸಾಬ ಒಮ್ಮೆ ಅವಳನ್ನು ನೋಡಿದ. ಸುಮ್ಮನೆ ಹೊರಟುಹೋದ.

'ಅಯ್ಯೋ... ಏನಂದೆ ನಾನು?'

ಓಡಿದಳು. ಊರ ಹೊರಗೆ ಅವನನ್ನು ಹಿಡಿದಳು.

"ನಿಂದರ್ರಿ! ಒಂದ ಮಾತರೆ ಹೇಳಬಾರದೇನ್ರಿ?"

"ಕೇಳಿದಿ ಏನು ನೀ?"

ಅವಳು ದಾರಿಗೆ ಅಡ್ಡ ನಿಂತಳು.

"ತುಫಾನು ಎದ್ದಿತ್ತು ಹಸೀನಾ. ಖಾಲಿ ಚಿಪ್ಪೆಲ್ಲಾ ಸಮುದ್ರ ಎಳಕೊಂಡು ಹೋತು. ಉಸುಕು ಕೆತ್ತಿ ಕೆತ್ತಿ, ಒಳಗ ಜೀವ ಇದ್ದ ಚಿಪ್ಪುಗಳನ್ನ ದಂಡಿಗೆ ಒಗೀತು. ಬಾಯಿ ತೆರದು ಮುಚ್ಚಾಕತ್ತಿದ್ವು... ಬೊಗಸಿಲೆ ತುಂಬಿ ನೀರಿಗೆ ಹಾಕಿದೆ, ತೆರಿ ಮತ್ತ ತಂದು ಒಗದ್ವು. ಚಿಪ್ಪಿನ ಮರಿ ಸುದ್ದಾ ಉಳದಿಲ್ಲ, ಮುಂದಿನ ವರ್ಷ ಏನು ತಿನ್ನೂಣು ಅಂತ ಅಲ್ಲಿ ಹೆಣಮಕ್ಕಳು ಎದಿ ಬಡಕೊಂಡು ಅಳಾಕತ್ತಿದ್ರು."

"ಮತ್ತ... ಚೀಲ?"

"ನಿಮ್ಮಪ್ಪನ ಮಾತು ನೆನಪಾತು. ನೀರಿಗೆ ಹಾಕೂದು ಬಿಟ್ಟು ಚೀಲಕ್ಕ ತುಂಬಿದೆ. ಜೀವ ಇದ್ದಂಗನ! ಒಣಗ್ತಾವ ಬಿಡು ಅಂದ್ಕೊಂಡೆ. ಲಾರ್ಯಾಗ ಟಿಕ್ ಟಿಕ್ ಅಂತಿದ್ವು... ಕಿವಿ ಮುಚ್ಕೊಂಡು ಕುಂತೆ. ನನಗ ನೀ ಬೇಕಾಗಿದ್ದಿ."

ಹಸೀನಾಳಿಗೆ ಅವನ ಮೇಲೆ ಹೇಸಿಗೆ ಬಂತು. ಅದರ ಬೆನ್ನಿಗೇ ಪ್ರೀತಿಯೂ ಉಕ್ಕಿ ಬಂತು. ಈ ಹಾಳು ಮನಸ್ಸಿಗೆ ಏನು ಹೇಳೋಣ!

"ಇಷ್ಟು ತಿಳದೂ ನನ್ನ ಕೂಡ ಬರತಿ ಏನು?"

"ಬರತೀನ್ರಿ. ಆದರ ನನ್ನ ಹೆಸರ ಹೇಳಿ ಇನ್ನೊಂದು ಜೀವ ತಗೀಬ್ಯಾಡ್ರಿ."

ಇಬ್ಬರೂ ನಡೆಯತೊಡಗುವಷ್ಟರಲ್ಲಿ ಹಿಂದಿನಿಂದ ಲಾಡಲೇಸಾಬರ ಕೂಗು.

"ಹಸೀನಾ! ಇನ್ನೊಂದು ಹೆಜ್ಜಿ ಇಟ್ಟಿ ಅಂದ್ರ ನೀ ನನ್ನ ಪಾಲಿಗೆ ಸತ್ತಿ! ಮನಿ ಕಡೆ ಮತ್ತ ಮುಖ ಹಾಕಬ್ಯಾಡ!"

ಅವಳು ಗಕ್ಕನೆ ನಿಂತಳು. ಕಣ್ಣೀರು ಸುರಿಯಿತು. ಅಪ್ಪ ಆಡಿದ ಮಾತು ಹಿಂದೆ ತೆಗೆದುಕೊಳ್ಳುವವರಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಗೈಬುಸಾಬನ ಕಡೆಗೇ ಹೆಜ್ಜೆ ಇಟ್ಟಳು.

"ಹುಚ್ಚಿ... ಇನ್ನೂ ಹೊತ್ತು ಮೀರಿಲ್ಲ, ಮನಿಗೆ ಹೋಗು."

"ಸತ್ತಾಕಿಗೆ ಯಾವ ಮನಿ ರೀ? ಕೈ ಹಿಡೀರಿ... ನಡಿಯೂಣು."