ಹಿಡಿ ಉಪ್ಪಿನ ಹುಲಿ

ಕಲ್ಲು ಮಾತಾಡುತ್ತಿದ್ದ ಕಾಲದಲ್ಲಿ ಕನ್ನಡಿಕೋಟೆಯೆಂಬ ರಾಜ್ಯವಿತ್ತು. ಅಲ್ಲಿ ಸಂಕವ್ವ ಬುಟ್ಟಿ ಹೊತ್ತು ಬೀದಿ ಬೀದಿ ಕೂಗುತ್ತಿದ್ದಳು: "ಬ್ಯಾಡಾದ್ದು ಕೊಡ್ರಿ, ಉಪ್ಪು ತಗೋರಿ!" ತೂತು ಕೊಡವಿರಲಿ, ಹರಿದ ಕೌದಿಯಿರಲಿ, ಒಡೆಯನ ಅಂಗೈಗೆ ಹಿಡಿ ಉಪ್ಪು ಹಾಕದೆ ಅವಳು ಮುಟ್ಟುತ್ತಿರಲಿಲ್ಲ. ಉಪ್ಪು ಬಿತ್ತೋ, ವಸ್ತು ಅವಳದು. ದೇವರೇ ಬಂದು ಕೇಳಿದರೂ ಹಿಂದಕ್ಕಿಲ್ಲ. ಕುಂಟ ಗಂಡ ಯಮನಪ್ಪ ಅದನ್ನು ರಿಪೇರಿ ಮಾಡುತ್ತಿದ್ದ, ಅವಳು ಮಾರುತ್ತಿದ್ದಳು.

ಇದು ಥಳಕಯ್ಯನೆಂಬ ಮಾಂತ್ರಿಕನಿಗೆ ಹೊಟ್ಟೆಯುರಿ. ಅವನು ಮಂತ್ರ ಹಾಕಿ ಮಾಡಿದ ಹೊಸ ಸಾಮಾನು ವರ್ಷದೊಳಗೆ ಬಿರುಕು ಬಿಡುತ್ತಿತ್ತು. ಜನ ಅದನ್ನು ಎಸೆಯಬೇಕು, ಮತ್ತೆ ಅವನಲ್ಲೇ ಕೊಳ್ಳಬೇಕು. "ಹಳೇದು, ಮುರುಕು ಊರಾಗ ಇದ್ದರ ನಿಮ್ಮ ಆಯುಷ್ಯ ಕಡಿಮಿ ಆಗತೈತಿ, ಮಹಾರಾಜ," ಎಂದು ಅರಸನ ಕಿವಿಯೂದಿದ. ಕಿರೀಟ ಹೊರುವುದಕ್ಕಷ್ಟೇ ತಲೆಯಿದ್ದ ಆ ಅರಸ ಹೂಂ ಅಂದ. ಮೊದಲು ಮಡಕೆ ಕುಡಿಕೆ, ಊರಾಚೆ ಥಳಕಯ್ಯ ಮಂತ್ರ ಹಾಕಿ ತೋಡಿದ್ದ ಮೂರು ಬಾಗಿಲ ಹೊಂಡಕ್ಕೆ ಬಿದ್ದವು. ಆಮೇಲೆ ಮುದಿ ಎತ್ತು. ಆಮೇಲೆ ಯಮನಪ್ಪ! ಊರೆಲ್ಲ ನಿಂತು ನೋಡಿತು. ಥೂ, ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಕೇಳಿ.

"ಮನಿಶ್ಯಾನ್ನೂ ತಿಪ್ಪಿಗೆ ಒಗೀತೀರೇನ್ರೋ?" ಎಂದು ಸಂಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹೊತ್ತು ಹೊಂಡಕ್ಕಿಳಿದಳು.

ಮೊದಲನೆಯ ಬಾಗಿಲಲ್ಲಿ ಕತ್ತಿಯಂಥ ಮುಳ್ಳು. ಬುಟ್ಟಿಯಲ್ಲಿದ್ದ ಹರಿದ ಕೌದಿ ಹಾಸಿ ದಾಟಿದಳು. ಎರಡನೆಯ ಬಾಗಿಲಲ್ಲಿ ಉರಿ. ಪಕ್ಕದ ಝರಿಯ ನೀರನ್ನು ತೂತು ಕೊಡಕ್ಕೆ ತುಂಬಿ ತಲೆಯ ಮೇಲಿಟ್ಟಳು. ಸುತ್ತಲೂ ನೀರು ಸುರಿದು ಉರಿ ದಾರಿ ಬಿಟ್ಟಿತು. ಮೂರನೆಯ ಬಾಗಿಲಲ್ಲಿ ಮನೆಯಷ್ಟು ದೊಡ್ಡ ಹುಲಿ, ಒಂದು ಕೋರೆಹಲ್ಲು ಮುರಿದಿತ್ತು. ಅದರ ಪಂಜ ಯಮನಪ್ಪನ ಎದೆಯ ಮೇಲಿತ್ತು. ಬುಟ್ಟಿಯಲ್ಲಿ ಹಿಡಿ ಉಪ್ಪು ಬಿಟ್ಟರೆ ಏನೂ ಉಳಿದಿರಲಿಲ್ಲ.

ತಮಾಷೆ ನೋಡಲು ಥಳಕಯ್ಯನೂ ಇಳಿದು ಬಂದಿದ್ದ.

"ಈ ಹುಲಿ ಯಾರದು?" ಎಂದಳು ಸಂಕವ್ವ.

"ನಂದ. ಹಲ್ಲು ಮುರೀತು, ಇಲ್ಲಿ ಒಗದೆ. ಈಗೂ ನಾ ಅಂದರ ಸಾಕು, ನಿನ್ನ ಗಂಡನ್ನ ನುಂಗತೈತಿ."

"ಬ್ಯಾಡಾದ್ದು ಕೊಡು, ಉಪ್ಪು ತಗೋ."

ಥಳಕಯ್ಯ ಹೊಟ್ಟೆ ಹಿಡಿದು ನಕ್ಕ. "ಸಾಯೋ ಮುಂದೂ ವ್ಯಾಪಾರ ಏನಬೇ? ತಾ!" ಎಂದು ಕೈ ಚಾಚಿದ. ಜೀವಮಾನವೆಲ್ಲ ಹೊಸದನ್ನೇ ಮಾರಿದವನಿಗೆ ಹಳೆಯದರ ಕಟ್ಟಳೆ ಎಲ್ಲಿಂದ ಗೊತ್ತಾಗಬೇಕು?

ಉಪ್ಪು ಅವನ ಅಂಗೈಗೆ ಬಿತ್ತು. ಹುಲಿ ಪಂಜ ತೆಗೆದು ಸಂಕವ್ವನ ಮುಖ ನೋಡಿತು.

"ನಿನ್ನ ಒಗದಾಂವ ಇಂವನ," ಎಂದಳು ಅವಳು.

ಉಳಿದ ಹಲ್ಲುಗಳೇ ಹುಲಿಗೆ ಸಾಕಾದವು.

ಮಾಂತ್ರಿಕ ಹೋದ, ಮುಳ್ಳೂ ಉರಿಯೂ ಅವನ ಹಿಂದೆಯೇ ಹೋದವು. ಯಮನಪ್ಪನೂ ಮುದಿ ಎತ್ತೂ ಮೇಲೆ ಬಂದರು. ಅರಸ ಓಡಿ ಬಂದು ಕೈ ಮುಗಿದ: "ತಪ್ಪಾತವ್ವ."

"ಎಲ್ಲಾ ತಗೋತೀನಿ, ನಿನ್ನ ತಪ್ಪಿಗೆ ಮಾತ್ರ ಉಪ್ಪು ಕೊಡಂಗಿಲ್ಲ. ಅದನ್ನ ನೀನ ಇಟ್ಕೋ."

ಆಮೇಲೆ ಕನ್ನಡಿಕೋಟೆಯವರು ತಾವೇ ಎಸೆದ ಮಡಕೆಗಳನ್ನು ಉಪ್ಪಿಗೆ ಕೊಟ್ಟು, ರಿಪೇರಿಯಾದ ಮೇಲೆ ಸಂಕವ್ವನಿಂದ ಕೊಂಡು, ಅವುಗಳಲ್ಲೇ ಅಟ್ಟು ಉಂಡು ಸುಖವಾಗಿದ್ದರು. ಅಂಗಡಿ ಬಾಗಿಲಲ್ಲಿ ಹುಲಿ ಮಲಗಿರುತ್ತಿತ್ತು. ಅರಸನೂ ಚೌಕಾಸಿ ಮಾಡಲಿಲ್ಲ.